ಹಲ್ಲಿನ ಕಲೆ ಮತ್ತು ಊರಿನ ನೀರು

ಶಾಲೆಗೆ ವೈದ್ಯರು ಬರುವುದು ಒಂದು ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಅಪರೂಪದ ಸಂಗತಿಯಾಗಿತ್ತು. ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ಆರಂಭವಾದುದು 1909ರಲ್ಲಿ, ಬರೋಡಾ ನಗರದಲ್ಲಿ. ಆದರೆ ಆ ಮೇಲ್ಪಂಕ್ತಿ ದೇಶದ ಉದ್ದಗಲಕ್ಕೂ ಹರಡಲಿಲ್ಲ. ಶಾಲಾ ಆರೋಗ್ಯ ಸೇವೆಯು ಈ ದೇಶದಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲವೆಂದು ಭೋರ್ ಸಮಿತಿಯು 1946ರಲ್ಲಿ ಕಂಡುಕೊಂಡಿತು. ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ 1960ರಲ್ಲಿ ನೇಮಕಗೊಂಡ ಇನ್ನೊಂದು ಸಮಿತಿಯು ಮರುವರ್ಷ ತನ್ನ ವರದಿಯನ್ನು ಒಪ್ಪಿಸಿತು. ವರದಿಗಳು ಬೇಗ ಸಿದ್ಧವಾದವು. ವೈದ್ಯರು ಮಾತ್ರ ನಿಧಾನವಾಗಿ ಬಂದರು.

ಬಂದವರಾದರೂ ಎತ್ತರ, ತೂಕ, ಕಣ್ಣು, ಹಲ್ಲುಗಳನ್ನು ನೋಡಿ ಬರೆದುಕೊಂಡು ಹೋದರೆ ಸಾಕೆ? ಸಾಲದು ಎಂಬುದಕ್ಕೆ ಯಲಬುರ್ಗಾ ತಾಲ್ಲೂಕೇ ನಿದರ್ಶನ. ತುಂಗಭದ್ರೆಯ ಕಾಲುವೆಗಳು ನೆರೆಯ ಗಂಗಾವತಿಯ ಸೀಮೆಯನ್ನು ಹಸಿರಾಗಿಸಿದವು. ಬಯಲುಸೀಮೆಯ ಯಲಬುರ್ಗಾಕ್ಕೆ ಮಳೆಯೂ ನೆಲದೊಳಗಿನ ನೀರೂ ಬಹುಕಾಲ ಆಧಾರವಾಗಿದ್ದವು. ಅಲ್ಲಿಯ ಕಲ್ಲಿನಲ್ಲಿ ಫ್ಲೋರೈಡ್ ಇದೆ. ನೀರು ಆ ಕಲ್ಲಿನ ಸಂದುಗಳಲ್ಲಿ ದೀರ್ಘಕಾಲ ನಿಂತಾಗ ಅದು ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಆ ಭಾಗದ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಈ ಮಿತಿ ದಾಟಿದ್ದು ಕಂಡುಬಂದಿದೆ. ಇಂಥ ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಈ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಮುಂದೆ ಕಂದು ಗೆರೆಗಳು ಕಾಣಿಸಿಕೊಳ್ಳುತ್ತವೆ. ಅದನ್ನು ಕೊಳೆಯೆಂದು ಬಗೆದು ಇದ್ದಿಲಿನಿಂದಲೋ ಇಟ್ಟಿಗೆಯ ಪುಡಿಯಿಂದಲೋ ತಿಕ್ಕಿದರೆ ಹಲ್ಲು ಸವೆಯುವುದೇ ಹೊರತು ಕಲೆ ಅಳಿಯದು. ಹಲ್ಲುಜ್ಜದ ಸೋಮಾರಿಯೆಂದು ಅಂಥ ಮಗುವನ್ನು ಹಂಗಿಸುವುದಂತೂ ಅನ್ಯಾಯ. ಬಾಯಿಗೆ ಕೈ ಅಡ್ಡಹಿಡಿದು ನಗುವ ಹುಡುಗಿಗೆ ಆ ಮಾತು ಎಷ್ಟು ನಾಟೀತು!

ಇದಕ್ಕೆ ವೈದ್ಯರಾದರೂ ಏನು ಮಾಡಬಲ್ಲರು ಎಂದು ಕೇಳುವವರುಂಟು. ಮೂಡಿದ ಕಲೆಯನ್ನು ಶಾಲೆಯ ಜಗಲಿಯಲ್ಲಿ ನಿಂತು ಅಳಿಸಲಾಗದು, ನಿಜ. ಆದರೆ ಈ ಕಲೆ ಬೀಳುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ, ಹೆಚ್ಚೆಂದರೆ ಎಂಟು ವರ್ಷದೊಳಗೆ. ಒಂಬತ್ತನೆಯ ತರಗತಿಯ ಹುಡುಗನ ಮುಂದಿನ ಹಲ್ಲು ಅವನು ಎಳೆಯ ಮಗುವಾಗಿದ್ದಾಗ ಕುಡಿದ ನೀರಿನ ಗುರುತನ್ನು ಹೊತ್ತಿದೆ. ಅವನ ಮನೆಯಲ್ಲಿ ಎರಡು ವರ್ಷದ ತಂಗಿಯಿದ್ದರೆ, ಅವಳ ಹಲ್ಲು ಇನ್ನೂ ಒಳಗೇ ಬೆಳೆಯುತ್ತಿದೆ. ಅಣ್ಣನಿಗೆ ತಡವಾದ ತಪಾಸಣೆ ತಂಗಿಗೆ ತಡವಾಗಿಲ್ಲ. ಆದುದರಿಂದ ಹಲ್ಲನ್ನು ನೋಡಿದವರು ಆ ಮನೆಯ ಕೊಡಕ್ಕೆ ನೀರು ಎಲ್ಲಿಂದ ಬರುತ್ತದೆಂದು ಕೇಳಲೇಬೇಕು. ಆ ನೀರಿನ ಪರೀಕ್ಷೆಯಾಗಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಭೇಟಿ ಕೊಡಬೇಕು. ಶಾಲೆಯಲ್ಲಿ ಕಂಡ ಕಲೆಯ ಸುದ್ದಿ ಅದೇ ಓಣಿಯ ಅಂಗನವಾಡಿಗೂ, ಊರಿಗೆ ನೀರು ಪೂರೈಸುವ ಪಂಚಾಯಿತಿಗೂ ಅಂದೇ ಮುಟ್ಟುವಂತಾದರೆ ಆ ಎರಡು ವರ್ಷದ ಮಗುವಿನ ಲೋಟಕ್ಕೆ ಬೇರೆ ನೀರು ತರಲು ಇನ್ನೂ ಸಮಯವಿರುತ್ತದೆ.