ಮೊದಲು ಚೆಂಡನ್ನು ದಾಟಿಸಲಿ

ಈ ವರುಷದ ಬಾಸ್ಕೆಟ್ ಬಾಲ್ ಪಂದ್ಯಗಳು ಆರಂಭವಾಗಿ ಮೂರು ವಾರಗಳಾದುವು. ಮೊದಲಿನ ಎರಡು ಪಂದ್ಯಗಳಲ್ಲಿಯೂ ನಮ್ಮ ಬಾಲಿಕೆಯರು ಸೋತರೆಂಬ ವರ್ತಮಾನವು ಪೋಷಕರೆಲ್ಲರಿಗೂ ತಿಳಿದೇ ಇದೆ. ನಾವು ತಿಳಿಸುವುದಕ್ಕೆ ಮುಂಚೆಯೇ ಅವರವರ ಮೊಬೈಲ್ ಫೋನುಗಳು ತಿಳಿಸಿಬಿಟ್ಟಿವೆ. ಆ ತರುವಾಯ ನಮ್ಮ ಕೊಠಡಿಗೆ ಬಂದ ತಂದೆತಾಯಿಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಆ ಎತ್ತರದ ಹುಡುಗಿಯ ಕೈಗೇ ಚೆಂಡನ್ನು ಯಾಕೆ ಕೊಡಿಸುವುದಿಲ್ಲ, ಮೇಡಂ?" ಒಬ್ಬ ತಾಯಿಯಾದರೋ, "ನನ್ನ ಮಗಳು ಒಂದು ಬುಟ್ಟಿಯನ್ನೂ ಹಾಕಲಿಲ್ಲ, ಅವಳ ಹೆಸರನ್ನು ತೆಗೆದುಬಿಡಿ, ಸಾಯಂಕಾಲ ಟ್ಯೂಷನ್ನಿಗಾದರೂ ಹೋಗಲಿ" ಎಂದು ಹೇಳಿ, ಕುರ್ಚಿಯಲ್ಲಿ ಕುಳಿತುಕೊಳ್ಳದೆಯೇ ಹೊರಟುಹೋದರು. ಆ ಬಾಲಿಕೆಯು ಅಂದಿನ ಆಟದಲ್ಲಿ ಏನು ಮಾಡಿದಳೆಂಬುದನ್ನು ಹೇಳುವುದಕ್ಕೂ ನಮಗೆ ಅವಕಾಶವಾಗಲಿಲ್ಲ. ಆದಕಾರಣ ಇಲ್ಲಿ ಬರೆಯುತ್ತೇವೆ.

ನಮ್ಮ ಅಭಿಪ್ರಾಯವೇನಂದರೆ, ಪಂದ್ಯಕಾಲದ ಮೊದಲಿನ ವಾರಗಳಲ್ಲಿ ಹೈಸ್ಕೂಲಿನ ಹುಡುಗಿಯರನ್ನು ಅವರು ಗಳಿಸಿದ ಅಂಕಗಳಿಂದ ಅಳೆಯುವುದು ಸರಿಯಲ್ಲ. ಚೆಂಡು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಕೆಡದೆ ಹೋಯಿತೋ ಇಲ್ಲವೋ, ಅದರಿಂದ ಅಳೆಯಬೇಕು. ಬೇಸಗೆಯ ರಜೆಯು ಮುಗಿದು ಬಂದ ಹುಡುಗಿಯರಿಗೆ ಕಾಲುಗಳಲ್ಲಿ ಕಸುವು ಇನ್ನೂ ತುಂಬಿರುವುದಿಲ್ಲ. ಎಂಟನೆಯ ತರಗತಿಯಿಂದ ಹೊಸಬರು ಬಂದು ಸೇರಿರುತ್ತಾರೆ. ಯಾರು ಎಷ್ಟು ವೇಗವಾಗಿ ಓಡುವರು, ಯಾರು ಎಡಕ್ಕೆ ತಿರುಗುವರು ಎಂಬುದು ಒಬ್ಬರದೊಬ್ಬರಿಗೆ ತಿಳಿಯದು. ಹೊಸಬಳು ತನ್ನ ಗೆಳತಿಯು ನಿಂತಿರುವ ಸ್ಥಳಕ್ಕೆ ಚೆಂಡನ್ನು ಎಸೆಯುತ್ತಾಳೆ. ಚೆಂಡು ಅಲ್ಲಿಗೆ ತಲಪುವಷ್ಟರಲ್ಲಿ ಗೆಳತಿಯು ಅಲ್ಲಿರುವುದಿಲ್ಲ, ಎದುರು ತಂಡದವಳು ಇರುತ್ತಾಳೆ. ನಾವು ಸೋತ ಎರಡು ಪಂದ್ಯಗಳ ಕಥೆಯೆಲ್ಲ ಇಷ್ಟೇ. ಬುಟ್ಟಿಗೆ ಗುರಿಯಿಡಲು ಬಾರದೆ ಸೋತದ್ದಲ್ಲ; ಗುರಿಯಿಡುವುದಕ್ಕೆ ಚೆಂಡೇ ಕೈಯಲ್ಲಿರಲಿಲ್ಲ.

ಎತ್ತರದ ಹುಡುಗಿಯ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹೋದ ವರುಷ ನಾವೂ ಪೋಷಕರಂತೆಯೇ ಯೋಚಿಸಿದೆವು. ವ್ಯಾಯಾಮದ ಉಪಾಧ್ಯಾಯಿನಿಯವರು ಬೇಡವೆಂದರೂ ಕೇಳದೆ, "ಚೆಂಡು ಸಿಕ್ಕಿದ ಕೂಡಲೆ ಅವಳಿಗೇ ಕೊಡಿರಿ" ಎಂದು ಹುಡುಗಿಯರಿಗೆ ಹೇಳಿದವರು ನಾವೇ. ಮೊದಲಿನ ಪಂದ್ಯಗಳನ್ನು ಗೆದ್ದೆವು. ಪ್ರಾರ್ಥನಾ ಸಮಯದಲ್ಲಿ ಚಪ್ಪಾಳೆಯೂ ಆಯಿತು. ಆದರೆ ತಾಲ್ಲೂಕು ಪಂದ್ಯದ ದಿವಸ ಆಟದ ನಡುವೆ ಆಕೆಯ ಪಾದವು ಉಳುಕಿತು. ಬೆಂಚಿನಿಂದ ಬೇರೊಬ್ಬಳು ಒಳಗೆ ಹೋದಳು. ಉಳಿದ ನಾಲ್ವರು ಚೆಂಡನ್ನು ಹಿಡಿದುಕೊಂಡು ಯಾರಿಗೆ ಕೊಡಬೇಕೆಂದು ತಿಳಿಯದೆ ನಮ್ಮ ಮುಖವನ್ನು ನೋಡಿದರು. ಆ ನೋಟವನ್ನು ನಾವು ಮರೆತಿಲ್ಲ. ಅಷ್ಟು ತಿಂಗಳು ಅವರಿಗೆ ನಾವು ಕಲಿಸಿದ್ದಾದರೂ ಏನು? ಒಬ್ಬಳಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಿಲ್ಲುವುದನ್ನು ಮಾತ್ರವೇ. ಆ ಎತ್ತರದ ಬಾಲಿಕೆಗೂ ನಾವು ಉಪಕಾರ ಮಾಡಲಿಲ್ಲ. ಸೋಲೆಲ್ಲ ತನ್ನ ಕಾಲಿನಿಂದಲೇ ಆಯಿತೆಂದು ಅವಳು ಬಹಳ ದಿನ ಕೊರಗಿದಳು.

ಇನ್ನೊಂದು ತಪ್ಪು ಕಪಾಟಿನೊಳಗಿತ್ತು. ಹೆಂಗಸರ ಆಟಕ್ಕೆ ಆರನೆಯ ಅಳತೆಯ ಚೆಂಡು, ಗಂಡಸರ ಆಟಕ್ಕೆ ಏಳನೆಯ ಅಳತೆಯ ಚೆಂಡು ಎಂಬುದು ನಿಯಮ. ಆರನೆಯದಕ್ಕಿಂತ ಏಳನೆಯದು ಹೆಚ್ಚು ತೂಗುವುದು, ಸುತ್ತಳತೆಯೂ ದೊಡ್ಡದು. ಯಾರೋ ಪುಣ್ಯಾತ್ಮರು ದಾನವಾಗಿ ಕೊಟ್ಟ ದೊಡ್ಡ ಚೆಂಡುಗಳಿಂದಲೇ ನಮ್ಮ ಹದಿಮೂರು ವಯಸ್ಸಿನ ಮಕ್ಕಳು ಎಷ್ಟೋ ಕಾಲ ಅಭ್ಯಾಸ ಮಾಡಿದರು. ಚಿಕ್ಕ ಕೈಗಳಲ್ಲಿ ನಿಲ್ಲದ ಚೆಂಡನ್ನು ಎರಡು ಕೈಗಳಿಂದ ಎದೆಯ ಮುಂದಿನಿಂದ ನೀಡುವುದು ಅಸಾಧ್ಯವಾಗಿ, ಹೆಗಲಿನ ಮೇಲಿಂದ ಕಲ್ಲೆಸೆದಂತೆ ಎಸೆಯುವುದನ್ನು ರೂಢಿಮಾಡಿಕೊಂಡರು. ಬಿತ್ತಿದ್ದನ್ನೇ ಕೊಯ್ದೆವು. ಈಗ ಆರನೆಯ ಅಳತೆಯವು ಬಂದಿವೆ.

ಪಾಸ್ ಕೊಡುವುದು ಸುಲಭದ ಕೆಲಸವೆಂದು ಗೋಡೆಯಾಚೆಯಿಂದ ನೋಡುವವರಿಗೆ ತೋರುವುದು. ಹಾಗಲ್ಲ. ಚೆಸ್ಟ್ ಪಾಸೆಂಬುದನ್ನೇ ತೆಗೆದುಕೊಳ್ಳಿರಿ. ಬೆರಳುಗಳು ಚೆಂಡಿನ ಎರಡು ಪಕ್ಕಗಳಲ್ಲಿ ಹರಡಿರಬೇಕು, ಹೆಬ್ಬೆರಳುಗಳು ಹಿಂದುಗಡೆ ಇರಬೇಕು, ಮೊಣಕೈಗಳು ರೆಕ್ಕೆಗಳಂತೆ ಚಾಚಿಕೊಳ್ಳದೆ ಮೈಗೆ ಸಮೀಪವಾಗಿರಬೇಕು. ಒಂದು ಹೆಜ್ಜೆಯನ್ನು ಮುಂದಿಟ್ಟು ತೋಳುಗಳನ್ನು ನೀಡಿ ಚೆಂಡನ್ನು ಬಿಟ್ಟಾಗ ಹೆಬ್ಬೆರಳುಗಳು ನೆಲವನ್ನು ನೋಡುತ್ತಿದ್ದರೆ ಪಾಸು ಸರಿಯಾಯಿತೆಂದು ತಿಳಿಯಬಹುದು. ಹೆಜ್ಜೆಯಿಡದೆ ತೋಳಿನಿಂದ ಮಾತ್ರವೇ ನೂಕಿದ ಚೆಂಡು ಅರ್ಧ ದಾರಿಯಲ್ಲಿ ಸೋತು ಇಳಿಯುವುದು. ಬೌನ್ಸ್ ಪಾಸಿನಲ್ಲಿ ಇಬ್ಬರ ನಡುವಣ ದೂರದ ಮೂರರಲ್ಲಿ ಎರಡು ಪಾಲು ಕಳೆದ ಮೇಲೆ ಚೆಂಡು ನೆಲವನ್ನು ಮುಟ್ಟಿ, ಗೆಳತಿಯ ಸೊಂಟದ ಎತ್ತರಕ್ಕೆ ಪುಟಿಯಬೇಕು. ಎದುರಾಳಿಯು ಕೈಯೆತ್ತಿ ನಿಂತಿರುವಾಗ ಇದೇ ಉತ್ತಮ. ಕೊಡುವವಳಷ್ಟೇ ಹೊಣೆ ತೆಗೆದುಕೊಳ್ಳುವವಳ ಮೇಲೆಯೂ ಇದೆ. ಅವಳು ಬೆರಳುಗಳನ್ನು ಹರಡಿ ಅಂಗೈಯನ್ನು ತೋರಿಸಬೇಕು. ಚೆಂಡು ಬರುವ ತನಕ ಕಾದಿರದೆ ಅದರ ಕಡೆಗೆ ತಾನೇ ಒಂದು ಹೆಜ್ಜೆ ಬರಬೇಕು. ಬೆರಳುಗಳನ್ನು ಚೆಂಡಿಗೆ ಎದುರಾಗಿ ಚಾಚಿದವಳು ಬೆರಳು ಉಳುಕಿಸಿಕೊಂಡು ಮನೆಗೆ ಹೋಗುವಳು. ಆ ರಾತ್ರಿ ಅವಳಿಗೆ ಮನೆಯ ಲೆಕ್ಕವನ್ನು ಬರೆಯಲಾಗದು, ಮಾರನೆಯ ದಿನ ತಂದೆಯವರ ಚೀಟಿಯು ನಮಗೆ ಬರುವುದು.

ಆರಿದ್ರೆಯ ಮಳೆಯ ದಿವಸಗಳಲ್ಲಿ ಸಿಮೆಂಟಿನ ಅಂಗಣವು ಜಾರುತ್ತಿದ್ದುದರಿಂದ ಈ ಅಭ್ಯಾಸವನ್ನೆಲ್ಲ ಉದ್ದನೆಯ ಜಗಲಿಯಲ್ಲಿ ನಡೆಸಿದೆವು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಎದೆಯ ಎತ್ತರಕ್ಕೆ ವೃತ್ತಗಳನ್ನು ಬರೆದು, ಪ್ರತಿಯೊಬ್ಬಳೂ ತನ್ನ ವೃತ್ತಕ್ಕೆ ಎಸೆದು ಹಿಡಿಯಬೇಕೆಂದು ಏರ್ಪಾಡಾಯಿತು. ಗಣಿತದ ಉಪಾಧ್ಯಾಯಿನಿಯವರಿಗೆ ಪಕ್ಕದ ಕೊಠಡಿಯಲ್ಲಿ ಪಾಠ ಹೇಳುವುದು ಕಷ್ಟವಾಯಿತೆಂಬುದು ನಿಜ, ಅವರು ಸಹಿಸಿಕೊಂಡರು.

ಪಾಸಿಗೆ ಇಷ್ಟು ಬೆಲೆ ಕೊಡುವುದು ನಮ್ಮ ಸ್ವಂತ ಕಲ್ಪನೆಯಲ್ಲ. ಈ ಆಟವು ಹುಟ್ಟಿದ್ದೇ ಹೀಗೆ. ಅಮೆರಿಕ ದೇಶದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವೈ. ಎಂ. ಸಿ. ಎ. ಶಿಕ್ಷಣಶಾಲೆಯ ಉಪಾಧ್ಯಾಯರಾಗಿದ್ದ ಜೇಮ್ಸ್ ನೇಸ್ಮಿತ್ ಎಂಬವರು 1891ರ ಡಿಸೆಂಬರಿನಲ್ಲಿ ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದಾಗ, ಚೆಂಡನ್ನು ಹಿಡಿದು ಓಡಬಾರದು, ಹಿಡಿದ ಸ್ಥಳದಿಂದಲೇ ಎಸೆಯಬೇಕು ಎಂಬುದು ಅವುಗಳಲ್ಲಿ ಒಂದಾಗಿತ್ತು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಒಬ್ಬನೇ ಓಡುವ ಡ್ರಿಬ್ಲಿಂಗ್ ಎಂಬುದು ಆ ಮೇಲೆ ಬಂದದ್ದು. ಮರುವರುಷವೇ ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯವರು ಈ ಆಟವನ್ನು ಹುಡುಗಿಯರಿಗೆ ಕಲಿಸಿ, ಅಂಗಣವನ್ನು ಮೂರು ಭಾಗಗಳಾಗಿ ಮಾಡಿ, ತನ್ನ ಭಾಗವನ್ನು ಯಾರೂ ಬಿಡಬಾರದೆಂದು ವಿಧಿಸಿದರು. ಹುಡುಗಿಯರ ಶರೀರವು ಬಹಳ ಓಟವನ್ನು ತಾಳದೆಂಬ ಆ ಕಾಲದ ಭಯವೂ ಇದಕ್ಕೆ ಒಂದು ಕಾರಣ. ಆ ಭಯವು ಸುಳ್ಳೆಂದು ನಮ್ಮ ಬಾಲಿಕೆಯರು ದಿನವೂ ತೋರಿಸುತ್ತಿದ್ದಾರೆ. ಆ ನಿಯಮವು ಹೋದದ್ದು ಒಳ್ಳೆಯದೇ ಆಯಿತು. ಆದರೂ ಅದರಿಂದ ಒಂದು ಲಾಭವಿತ್ತು: ಪಾಸಿನ ಹೊರತು ಚೆಂಡಿಗೆ ಬೇರೆ ವಾಹನವಿರಲಿಲ್ಲ. ಅಯೋವಾ ಎಂಬ ಸಂಸ್ಥಾನದ ಹೈಸ್ಕೂಲುಗಳಲ್ಲಿ ಆರಾರು ಹುಡುಗಿಯರು, ನಡುಗೆರೆಯನ್ನು ದಾಟದೆ, ಎರಡಕ್ಕಿಂತ ಹೆಚ್ಚು ಸಲ ಪುಟಿಸದೆ ಆಡುವ ಪದ್ಧತಿಯು 1993ರವರೆಗೂ ಉಳಿದಿತ್ತು.

ದೂರದ ಮಾತೇಕೆ? 2017ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಏಷ್ಯಾ ಕಪ್ಪಿನ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75ಕ್ಕೆ 73 ಅಂಕಗಳಿಂದ ಗೆದ್ದರು. ಎರಡು ಅಂಕಗಳೆಂದರೆ ಒಂದು ಬುಟ್ಟಿ. ಕೈತಪ್ಪಿದ ಒಂದು ಪಾಸಿನಿಂದ ಎದುರಾಳಿಗಳಿಗೆ ದೊರೆಯುವುದೂ ಅಷ್ಟೇ.

ಈಗ ಆ ತಾಯಿಯವರ ಮಗಳ ಸಂಗತಿ. ಎರಡನೆಯ ಪಂದ್ಯದ ದಿನ ನಾವು ಕಾಗದವನ್ನೂ ಸೀಸದಕಡ್ಡಿಯನ್ನೂ ಹಿಡಿದು ಕುಳಿತಿದ್ದೆವು. ಯಾವ ಯಾವ ಪಾಸಿನಿಂದ ಬುಟ್ಟಿಯಾಯಿತೆಂದು ಗುರುತು ಹಾಕುತ್ತಾ ಹೋದಂತೆ ಆ ಬಾಲಿಕೆಯ ಹೆಸರಿನ ಎದುರಿಗೇ ಗೆರೆಗಳು ಸಾಲಾಗಿ ನಿಂತವು. ಉಳಿದವರು ಕೂಗಾಟದಲ್ಲಿ ತಬ್ಬಿಬ್ಬಾದಾಗ ಆಕೆಯು ಒಂದು ಪಾದವನ್ನು ನೆಲಕ್ಕೂರಿ ಇನ್ನೊಂದರಿಂದ ತಿರುಗಿ, ಎಡಗಡೆಗೆ ನೋಡಿ ಬಲಗಡೆಗೆ ಕೊಡುತ್ತಿದ್ದಳು. ಅವಳು ಬುಟ್ಟಿಯನ್ನು ಹಾಕಲಿಲ್ಲವೆಂಬುದು ಸತ್ಯ. ಅಂದು ಹಾಕಿದವರಿಗೆಲ್ಲ ಚೆಂಡು ಬಂದದ್ದು ಎಲ್ಲಿಂದ? ತಾಯಿಯವರ ಫೋನಿನ ಚಿತ್ರದಲ್ಲಿ ಬುಟ್ಟಿಗೆ ಎಸೆದವಳು ಮಾತ್ರವೇ ಕಾಣುತ್ತಾಳೆ. ಅದಕ್ಕೆ ಒಂದು ಕ್ಷಣ ಮೊದಲು ನಡೆದದ್ದು ಅದರಲ್ಲಿ ಸೇರುವುದೇ ಇಲ್ಲ. ಗೆರೆಯಾಚೆ ನಿಂತು "ನೀನೇ ಹಾಕೇ, ನೀನೇ ಹಾಕೇ!" ಎಂದು ಕೂಗುವ ತಂದೆಯವರಿಗೂ ನಮ್ಮದೊಂದು ಬಿನ್ನಹವುಂಟು. ನಾವು ಆರು ವಾರಗಳಿಂದ ಕಲಿಸಿದ್ದನ್ನು ತಮ್ಮ ಒಂದು ಕೂಗು ಅಳಿಸಿಬಿಡುತ್ತದೆ, ಯಾಕಂದರೆ ಮಗಳ ಕಿವಿಗೆ ನಮ್ಮ ಧ್ವನಿಗಿಂತ ತಮ್ಮ ಧ್ವನಿಯೇ ಬೇಗನೆ ಮುಟ್ಟುವುದು.

ಆ ಬಾಲಿಕೆಯ ಹೆಸರನ್ನು ನಾವು ಇನ್ನೂ ತೆಗೆದಿಲ್ಲ. ಗೆರೆಗಳನ್ನು ಹಾಕಿದ ಕಾಗದವನ್ನು ಲಕೋಟೆಯಲ್ಲಿಟ್ಟು ಅವಳ ಮನೆಗೆ ಕಳುಹಿಸಿದ್ದೇವೆ, ಉತ್ತರಕ್ಕಾಗಿ ಕಾದಿದ್ದೇವೆ. ಮೂರನೆಯ ಪಂದ್ಯವು ಮುಂದಿನ ಗುರುವಾರ. ಅದನ್ನೂ ಸೋಲಬಹುದು, ಹಾಗಾದರೂ ಎಲ್ಲ ಚೆಂಡುಗಳೂ ಒಬ್ಬಳ ಕೈಗೇ ಹೋಗಬೇಕೆಂಬ ಆಜ್ಞೆಯನ್ನು ನಾವು ಮತ್ತೆ ಕೊಡುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಅಂಗಣದಲ್ಲಿ ಆಡಿದವರು ಅನೇಕರಿದ್ದೀರಿ. ಶನಿವಾರ ಸಾಯಂಕಾಲ ನಾಲ್ಕು ಗಂಟೆಗೆ ಅಭ್ಯಾಸವು ನಡೆಯುವುದು. ಚಿಕ್ಕವರ ಎದುರಿಗೆ ನಿಂತು ಚೆಂಡನ್ನು ಕೊಟ್ಟು ತೆಗೆದುಕೊಳ್ಳುವುದಕ್ಕೆ ದೊಡ್ಡವರು ಬೇಕಾಗಿದ್ದಾರೆ; ಸೀರೆಯುಟ್ಟು ಬಂದರೂ ಅಡ್ಡಿಯಿಲ್ಲ, ಚಪ್ಪಲಿಗಳನ್ನು ಮಾತ್ರ ಜಗಲಿಯ ಕೆಳಗೆ ಬಿಡಿರಿ. ಆರನೆಯ ಅಳತೆಯ ಚೆಂಡುಗಳು ಸದ್ಯಕ್ಕೆ ನಾಲ್ಕೇ ಇವೆ.