ಚಟ್ನಿ ಯಾವಾಗ ರುಬ್ಬಿದ್ದು?

ಮಂಡಕ್ಕಿಯಲ್ಲಿ ನೀರಿನಂಶ ಕಡಿಮೆ. ಒಣಗಿದ್ದಷ್ಟು ದಿನ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬೆಣ್ಣೆ ದೋಸೆಯ ಹಿಟ್ಟು ಹುಳಿಯಾಗಿರುತ್ತದೆ, ಮೇಲಾಗಿ ಬಿಸಿ ಹಂಚಿನ ಮೇಲೆ ಬೇಯುತ್ತದೆ. ಆದರೆ ಜೊತೆಗೆ ಬಡಿಸುವ ಕಾಯಿ ಚಟ್ನಿಗೆ ಈ ಯಾವ ರಕ್ಷಣೆಯೂ ಇಲ್ಲ. ಅದು ಹಸಿ, ನೀರು ನೀರು, ಹುಳಿಯೂ ಕಡಿಮೆ.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಶಾಮನೂರಿನ ಬೇಸಿಗೆಯೂ ಇದರೊಳಗೇ ಬರುತ್ತದೆ. ಅನುಕೂಲ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ: ಒಂದಿದ್ದದ್ದು ಮೂರು ಗಂಟೆಯಲ್ಲಿ 512! ಫ್ರಿಜ್ ಅವುಗಳನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೇ.

ಆದ್ದರಿಂದ ಬೆಳಿಗ್ಗೆ ರುಬ್ಬಿದ ಚಟ್ನಿಯನ್ನು ಹೊರಗಿಟ್ಟು ಸಂಜೆ ಬಡಿಸಬಾರದು ಎಂಬುದು ನನ್ನ ಅಭಿಪ್ರಾಯ. ಹೋಟೆಲಿನವರು ಸ್ವಲ್ಪ ಸ್ವಲ್ಪವೇ ರುಬ್ಬಲಿ. ನಾವೂ “ಅಣ್ಣಾ, ಚಟ್ನಿ ಯಾವಾಗ ರುಬ್ಬಿದ್ದು?” ಎಂದು ಕೇಳಲು ಸಂಕೋಚಪಡಬಾರದು.