ಗೋಣಿತಾಟಿನ ರಿಬ್ಬನ್ನು

‘ಎಲ್ಲ ಕೈಯಲ್ಲೇ ಮಾಡಿ ಕಡಿಮೆ ಖರ್ಚಲ್ಲಿ ಮದುವೆ ಮುಗಿಸ್ತೀವಿ’ ಅಂತ ಯಾರಾದ್ರೂ ಶುರು ಮಾಡಿದ ಕೂಡಲೇ ನನಗೆ ಮೈ ಉರಿಯೋಕೆ ಶುರುವಾಗುತ್ತೆ. ಕೈಕೆಲಸದ ಮೇಲೆ ನನಗೇನೂ ಸಿಟ್ಟಿಲ್ಲ. ಕಡಿಮೆ ಖರ್ಚಿನ ಮೇಲಂತೂ ಪ್ರೀತಿಯೇ ಇದೆ, ತಂಗಿ ಮದುವೆ ಸಾಲ ತೀರಿಸಿದವನು ನಾನು. ಸಿಟ್ಟು ಬರೋದು ಆ ಎರಡು ಮಾತಿನ ನಡುವೆ ಸದ್ದಿಲ್ಲದೆ ನಡೀತಿರೋ ವ್ಯಾಪಾರದ ಮೇಲೆ.

ಹೋದ ವರ್ಷ ನಮ್ಮ ಟೀಮಿನ ಗೆಳೆಯನಿಗೆ ಮದುವೆ ಗೊತ್ತಾಯಿತು. ಒಂದು ದಿನ ಕಾಫಿ ಮಷಿನ್ ಹತ್ತಿರ ಮೊಬೈಲ್ ತೋರಿಸಿದ. ಗಾಜಿನ ಜಾಡಿ, ಅದರ ಕುತ್ತಿಗೆಗೆ ಗೋಣಿತಾಟಿನ ಪಟ್ಟಿ, ಒಳಗೆ ಮಿಣಿಮಿಣಿ ಎನ್ನೋ ಲೈಟು, ಪಕ್ಕದಲ್ಲೊಂದು ಕಂದು ಕಾಗದದ ಚೀಟಿ, ಚೀಟಿ ಮೇಲೆ ಹುಡುಗ ಹುಡುಗಿ ಹೆಸರು. "ಎಷ್ಟು ಸಿಂಪಲ್ ಅಲ್ವಾ ಗುರು? ನಾವೇ ಮಾಡ್ಕೊತೀವಿ. ನಿಂಗೆ ಮೆಜೆಸ್ಟಿಕ್ ಕಡೆ ಚೆನ್ನಾಗಿ ಗೊತ್ತಲ್ಲ, ಸಾಮಾನು ಕೊಡಿಸು."

ನನಗೆ ಮೆಜೆಸ್ಟಿಕ್ ಗೊತ್ತು ಅನ್ನೋದು ಆಫೀಸಲ್ಲಿ ಎಲ್ಲರ ನಂಬಿಕೆ. ಸಾಗರದ ರಾತ್ರಿ ಬಸ್ಸು ಬಂದು ನಿಲ್ಲೋದು ಅಲ್ಲಿ ಅನ್ನೋದೊಂದೇ ಅದಕ್ಕೆ ಆಧಾರ. ಬಿಇ ಮುಗಿಸಿ ಬೆಂಗಳೂರಿಗೆ ಬಂದು ನಾನು ಮೊದಲು ಕಾಲಿಟ್ಟಿದ್ದೇ ಧರ್ಮಾಂಬುಧಿ ಕೆರೆ ಮುಚ್ಚಿ ಕಟ್ಟಿದ ಆ ಬಸ್ ನಿಲ್ದಾಣದಲ್ಲಿ. ಇವತ್ತಿಗೂ ಊರಿಂದ ಯಾರಾದ್ರೂ ಮದುವೆ ಜವಳಿಗೆ ಬಂದರೆ, ಬೆಳಗಿನ ಜಾವ ಐದೂವರೆಗೆ ಅಲ್ಲಿ ನಿಂತು ಬ್ಯಾಗು ಹೊರೋನು ನಾನೇ.

ಶನಿವಾರ ಹೋದ್ವಿ. ಉಪ್ಪಾರಪೇಟೆ ದಾಟಿ ಬಳೇಪೇಟೆ, ಅಲ್ಲಿಂದ ಚಿಕ್ಕಪೇಟೆ, ಮಾಮೂಲ್‌ಪೇಟೆ, ವಾಪಸ್ ಬರುತ್ತಾ ಸುಲ್ತಾನ್‌ಪೇಟೆ. ಈ ಪೇಟೆಗಳಲ್ಲಿ ನಡೆಯೋದೇ ಒಂದು ಸುಖ. ಒಂದು ಗಲ್ಲಿಯಲ್ಲಿ ತಮಟೆ, ಡೋಲು ತೂಗುಹಾಕಿರ್ತಾರೆ, ಇನ್ನೊಂದರಲ್ಲಿ ರೇಷ್ಮೆ ಸೀರೆ, ಮತ್ತೊಂದರಲ್ಲಿ ಬರೀ ಲಗ್ನಪತ್ರಿಕೆ. ಗ್ರಂಥಿಗೆ ಅಂಗಡಿಯಲ್ಲಿ ಬಾಸಿಂಗದಿಂದ ಹಿಡಿದು ಅರಿಶಿನದ ಕೊಂಬಿನವರೆಗೆ ಮದುವೆಯ ಇಡೀ ಪಟ್ಟಿ ಕೇಳಿದರೆ, ಅಂಗಡಿಯವರು ಪುಸ್ತಕ ನೋಡದೆ ಬಾಯಲ್ಲೇ ಹೇಳ್ತಾರೆ. ನಮ್ಮ ಗೆಳೆಯನಿಗೆ ಅದ್ಯಾವುದೂ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದು ಗೋಣಿತಾಟಿನ ರಿಬ್ಬನ್ನು.

ಸಿಕ್ಕಿತು. ಎರಡಿಂಚು ಅಗಲ, ಅಂಚಿಗೆ ಬಿಳಿ ಲೇಸು, ಮೀಟರ್ ಲೆಕ್ಕ. ನಮ್ಮಪ್ಪ ಆಯುಷ್ಯವೆಲ್ಲ ಅಡಿಕೆ ತುಂಬಿದ ಗೋಣಿಚೀಲ ಬೆನ್ನ ಮೇಲೆ ಹೊತ್ತವರು. ಹರಿದ ಗೋಣಿ ನಮ್ಮ ಮನೇಲಿ ಕಾಲೊರೆಸೋಕೆ, ಮಳೆಗಾಲದಲ್ಲಿ ಕೊಪ್ಪೆ ಮಾಡ್ಕೊಂಡು ತಲೆ ಮೇಲೆ ಹಾಕ್ಕೊಳ್ಳೋಕೆ. ಅದಕ್ಕೆ ಲೇಸು ಹೊಲಿದು ಮೀಟರಿನಲ್ಲಿ ಮಾರ್ತಾರೆ ಅಂದರೆ ಅಪ್ಪ ನಂಬಲಿಕ್ಕಿಲ್ಲ.

ಲೆಕ್ಕ ಬರೆದಿಟ್ಟಿದ್ದೇನೆ, ಕೆಟ್ಟ ಅಭ್ಯಾಸ. 150 ಜಾಡಿ, ಒಂದಕ್ಕೆ 45 ರೂಪಾಯಿಯಂತೆ 6,750. ಬ್ಯಾಟರಿ ಲೈಟು 70ರಂತೆ 10,500. ರಿಬ್ಬನ್ನು 1,250. ಚೀಟಿ, ಅಂಟು, ದಾರ ಸೇರಿ 1,900. ಆಟೋ 350. ಒಟ್ಟು 20,750. ಇದು ‘ದುಡ್ಡು ಉಳಿಸೋಕೆ’ ಮಾಡಿದ ಖರ್ಚು! ಅದೇ ಮದುವೆಯಲ್ಲಿ ಎಲೆಗೆ 450ರಂತೆ 900 ಜನಕ್ಕೆ ಊಟ ಹೇಳಿದ್ದ. ನಾಲ್ಕು ಲಕ್ಷದ ಐದು ಸಾವಿರ. ಛತ್ರದ ಬಾಡಿಗೆ ಬೇರೆ ಮೂರು ಲಕ್ಷ. ಕರೆಯೋರ ಪಟ್ಟಿಯಿಂದ ಮುಖಪರಿಚಯವೂ ಇಲ್ಲದ 50 ಹೆಸರು ಹೊಡೆದಿದ್ರೆ 22,500 ಉಳೀತಿತ್ತು, ಜಾಡಿಗಳ ಇಡೀ ಖರ್ಚಿಗಿಂತ ಜಾಸ್ತಿ. ಇದನ್ನ ಹೇಳಿದೆ. "ಅಪ್ಪ ಒಪ್ಪಲ್ಲ ಮಗಾ" ಅಂದ.

ವಿಷಯ ಇರೋದು ಅಲ್ಲೇ ನೋಡಿ. ಅಪ್ಪನ ಎದುರು ಮಾತಾಡೋ ಧೈರ್ಯ ಇಲ್ಲದ ಜಾಗದಲ್ಲಿ ನಾವು ಜಾಡಿಗೆ ರಿಬ್ಬನ್ ಕಟ್ತೀವಿ. ಛತ್ರ, ಊಟ, ಸೀರೆ, ಒಡವೆ ಇದ್ಯಾವುದನ್ನೂ ಮುಟ್ಟೋ ಹಾಗಿಲ್ಲ. ಮುಟ್ಟಬಹುದಾದ್ದು ಟೇಬಲ್ ಮೇಲಿನ ಅಲಂಕಾರ ಒಂದೇ. ಅದನ್ನೇ ‘ನಮ್ಮತನ’ ಅಂತ ಕರೆದು ಫೋಟೋ ಹಾಕ್ತೀವಿ. ಆ ನಮ್ಮತನವೋ, ಇನ್ಯಾವುದೋ ದೇಶದ ಹೊಲದ ಮನೆಯ ಮದುವೆಯಿಂದ ಇಳಿಸಿದ ಕಾಪಿ-ಪೇಸ್ಟು. ಕುವೆಂಪು ಮಂತ್ರಮಾಂಗಲ್ಯ ಬರೆದುಕೊಟ್ಟು, ಮಗ ತೇಜಸ್ವಿಯ ಮದುವೆಯನ್ನ ಹಾಗೇ ಮಾಡಿ ತೋರಿಸಿದ ನಾಡು ಇದು. ಅವರು ಕೈ ಹಾಕಿದ್ದು ದೊಡ್ಡ ಖರ್ಚಿಗೆ.

ಇನ್ನೊಂದು ಮಾತು ಹೇಳಲೇಬೇಕು. ಆ 150 ಜಾಡಿಗೆ ರಿಬ್ಬನ್ ಕಟ್ಟಿದ್ದು ಯಾರು ಅಂದ್ಕೊಂಡ್ರಿ? ಗೆಳೆಯನಲ್ಲ. ಹುಡುಗಿ, ಅವಳ ತಂಗಿ, ಇಬ್ಬರು ಕಸಿನ್ನುಗಳು, ಮದುವೆ ಹಿಂದಿನ ನಾಲ್ಕು ರಾತ್ರಿ ಕೂತು ಕಟ್ಟಿದ್ದು. ಅವಳೂ ಐಟಿಯವಳೇ, ಅವಳಿಗೂ ಬೆಳಿಗ್ಗೆ ಕಾಲ್ ಇತ್ತು. ಇವನು ‘ಐಡಿಯಾ ನಂದು’ ಅಂತ ರಿಸೆಪ್ಶನ್ನಿನಲ್ಲಿ ಎಲ್ಲರಿಗೂ ಹೇಳ್ತಿದ್ದ. ಕೈಯಲ್ಲಿ ಮಾಡಿದ್ದು ಅಗ್ಗ ಅಂತ ಅನ್ನಿಸೋದು, ಆ ಕೈಗಳಿಗೆ ಯಾರೂ ಕೂಲಿ ಲೆಕ್ಕ ಹಾಕದೇ ಇರೋದರಿಂದ.

ಇಲ್ಲಿಗೆ ನಿಲ್ಲಿಸಿದರೆ ‘ಹಳ್ಳಿಯಲ್ಲಿ ಎಲ್ಲ ಚೆನ್ನಾಗಿತ್ತು’ ಅನ್ನೋ ಅಂಕಣ ಆಗಿಬಿಡುತ್ತೆ. ಆದ್ದರಿಂದ ನನ್ನ ತಪ್ಪನ್ನೂ ಹೇಳ್ತೀನಿ.

ನಮ್ಮದು ಸಾಗರ ತಾಲೂಕಿನ ಹಳ್ಳಿ, ದೀವರ ಮನೆ. ನಮ್ಮಲ್ಲಿ ಮದುವೆ ಅಂದರೆ ಗೋಡೆ ಮೇಲೆ ಹಸೆ ಬರೀಬೇಕು. ಮದುಮಕ್ಕಳನ್ನ ಕೂರಿಸೋದು ಅದರ ಎದುರಿಗೆ. ಗೋಡೆಗೆ ಮೊದಲು ಕೆಮ್ಮಣ್ಣು ಬಳೀತಾರೆ. ಅಕ್ಕಿ ನೆನೆಸಿ ಅರೆದ ಹಿಟ್ಟು ಬಿಳಿ ಬಣ್ಣಕ್ಕೆ, ಕರ್ರಗೆ ಹುರಿದ ಅಕ್ಕಿ ಕಪ್ಪಿಗೆ, ಗುರಿಗೆ ಕಾಯಿ ಹಳದಿಗೆ. ಕುಂಚ ಅಂದರೆ ಪುಂಡಿ ನಾರು. ಸ್ಕೇಲಿಲ್ಲ, ಪೆನ್ಸಿಲಿಲ್ಲ. ಎಳೆ ಪಕ್ಕದಲ್ಲಿ ಎಳೆ, ಚೌಕ, ತ್ರಿಕೋನ, ನಡುವೆ ಗಂಡು ಹೆಣ್ಣಿನ ಗೊಂಬೆ. ಬರೆಯೋರೆಲ್ಲ ಹೆಂಗಸರು. ಬರೀತಾ ಬರೀತಾ ಹಾಡು. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಬರೆಯೋದೂ ಇದೇ ಕೈ, ಇದೇ ಬಣ್ಣ.

ನಮ್ಮ ಕೇರಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ನನಗೆ ಬುದ್ಧಿ ಬಂದಾಗಿನಿಂದ ಊರಿನ ಮದುವೆಗಳಿಗೆ ಹಸೆ ಬರೆದೋರು ಅವರೇ. ಅಕ್ಕಿ, ಕಾಯಿ, ಎಲೆಅಡಿಕೆ, ಒಂದು ಕಣ ಕೊಟ್ಟರೆ ಆಯಿತು. ಅವರಿಗೆ ಅಷ್ಟೇ ಕೊಡ್ತಿದ್ವಲ್ಲ ಅಂತ ಈಗ ನಾಚಿಕೆಯಾಗುತ್ತೆ, ಆಗ ಯಾರಿಗೂ ಆಗಲಿಲ್ಲ.

2014ರಲ್ಲಿ ತಂಗಿ ಮದುವೆ. ಅದಕ್ಕೆ ಹಿಂದಿನ ವರ್ಷವಷ್ಟೇ ಸಾಲ ಮಾಡಿ ಮನೆ ಕಟ್ಟಿಸಿದ್ದೆ. ಸಿಮೆಂಟ್ ಗೋಡೆ, ಒರೆಸಿದರೆ ಹೊಳೆಯೋ ಪೇಂಟು, ತಿಳಿ ಗುಲಾಬಿ. ಆ ಗೋಡೆಗೆ ಕೆಮ್ಮಣ್ಣು ಬಳಿಯೋಕೆ ನನಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕಂದ್ರೆ, ಬೆಂಗಳೂರಿಂದ ಬರೋ ಆಫೀಸಿನವರ ಮುಂದೆ ಮಣ್ಣಿನ ಗೋಡೆ ಕಾಣೋದು ಬೇಡವಾಗಿತ್ತು. ಅದಕ್ಕೆ ನನ್ನ ಇಂಜಿನಿಯರ್ ಬುದ್ಧಿ ಓಡಿಸಿದೆ. ಅತ್ತೆ ಮನೆಯ ಹಳೇ ಹಸೆಯ ಫೋಟೋ ತೆಗೆದು, ಕಂಪ್ಯೂಟರಲ್ಲಿ ಗೆರೆ ತಿದ್ದಿ, ಬಣ್ಣ ಏರಿಸಿ, ಬೆಂಗಳೂರಲ್ಲೇ ಎಂಟಡಿ ಆರಡಿ ಫ್ಲೆಕ್ಸ್ ಹೊಡೆಸಿದೆ. ಸುರುಳಿ ಸುತ್ತಿ, ಮೆಜೆಸ್ಟಿಕ್ಕಲ್ಲಿ ಬಸ್ಸಿನ ಡಿಕ್ಕಿಗೆ ಹಾಕಿ ಊರಿಗೆ ತಂದೆ. ನಾಲ್ಕು ಮೊಳೆ, ಐದು ನಿಮಿಷ. ಎಲ್ಲರೂ ಭೇಷ್ ಅಂದರು.

ಅಜ್ಜಿ ಸಂಜೆ ಬಂದರು, ಪುಂಡಿ ನಾರು ಸೆರಗಿಗೆ ಕಟ್ಟಿಕೊಂಡೇ ಬಂದಿದ್ದರು. ಅವರಿಗೆ ಹಸೆ ಬೇಡ ಅಂತ ಯಾರೂ ಹೇಳಿರಲಿಲ್ಲ, ಹೇಳಬೇಕು ಅಂತ ನನಗೂ ಹೊಳೆದಿರಲಿಲ್ಲ. ಫ್ಲೆಕ್ಸ್ ಮೇಲೆ ಕೈಯಾಡಿಸಿದರು.

"ಎಳೆ ಎಲ್ಲ ನೇರ ಬಂದದೆ. ಯಾರು ಬರ್ದಿದ್ದು ತಮಾ?"

"ಮಷಿನ್ ಅಜ್ಜಿ."

ಸುಮ್ಮನೆ ನೋಡ್ತಾ ನಿಂತರು. ಆಮೇಲೆ, "ಹಂಗಾರೆ ಹಾಡು ಯಾವಾಗ ಹೇಳಾದು?" ಅಂತ ಕೇಳಿದರು.

ಅವತ್ತು ಯಾರೂ ಹಾಡು ಹೇಳಲಿಲ್ಲ. ಹಸೆ ಬರೆಯೋ ಎರಡು ದಿನ ಕೇರಿಯ ಹೆಂಗಸರು ನಮ್ಮ ಮನೇಲಿ ಇರ್ತಿದ್ರು, ಅಕ್ಕಿ ಅರೆಯೋರು, ನಾರು ಬಿಡಿಸೋರು, ಬರೀ ಮಾತಾಡೋಕೆ ಬರೋರು. ಹುಡುಗಿಯನ್ನ ಎದುರು ಕೂರಿಸಿಕೊಂಡು ಅತ್ತೆಮನೆ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳ್ತಿದ್ದದ್ದೂ ಆಗಲೇ. ನನ್ನ ತಂಗಿಗೆ ಆ ಎರಡು ದಿನ ಸಿಗಲಿಲ್ಲ. ನನ್ನ ಐದು ನಿಮಿಷದ ಕೆಲಸದಲ್ಲಿ ಉಳಿದದ್ದು ಆ ಎರಡು ದಿನ.

ಊರಲ್ಲಿ ಮದುವೆಗೆ ಕರೆದೋರು ಕೆಲಸಕ್ಕೂ ಬರ್ತಿದ್ರು. ಚಪ್ಪರಕ್ಕೆ ಅಡಿಕೆ ದಬ್ಬೆ ಒಬ್ಬರದು, ಬಾಳೆಎಲೆ ಇನ್ನೊಬ್ಬರದು, ದೊಡ್ಡ ಪಾತ್ರೆ ಮತ್ತೊಬ್ಬರದು. ನಾಳೆ ಅವರ ಮನೆ ಮದುವೆಗೆ ನಾವು. ಖರ್ಚು ಕಡಿಮೆಯಾಗ್ತಿದ್ದದ್ದು ಹಾಗೆ. ಇಲ್ಲಿ ಕರೆದೋರು ಕವರ್ ಹಿಡ್ಕೊಂಡು ಸ್ಟೇಜಿನ ಕ್ಯೂನಲ್ಲಿ ನಿಲ್ತಾರೆ. ಪ್ರೇಕ್ಷಕರಿಗೋಸ್ಕರ ಕೈಯಲ್ಲಿ ಏನು ಮಾಡಿದರೂ ಅದು ಸೆಟ್ ಹಾಕಿದ ಹಾಗೆ.

‘ಟೈಮ್ ಇಲ್ಲ ಗುರು’ ಅಂತೀರಿ, ಗೊತ್ತು. ಟೈಮ್ ಇಲ್ಲದಿದ್ರೆ ಕೈಕೆಲಸ ಮಾಡಲೇಬೇಡಿ, ಬಲ್ಲವರಿಗೆ ದುಡ್ಡು ಕೊಟ್ಟು ಮಾಡಿಸಿ. ಮಾರ್ಕೆಟ್ಟಿನಲ್ಲಿ, ಗಾಂಧಿ ಬಜಾರಿನಲ್ಲಿ ಹೂ ಕಟ್ಟೋ ಹೆಂಗಸರ ಹತ್ತಿರ ಮಾಲೆಗೆ ಚೌಕಾಸಿ ಮಾಡಿ, ಅಲ್ಲಿ ಉಳಿದ ದುಡ್ಡಲ್ಲಿ ಆನ್‌ಲೈನಿನಿಂದ ಕಾಗದದ ಹೂವಿನ ಕಿಟ್ ತರಿಸೋದು ಯಾವ ಸೀಮೆ ನ್ಯಾಯ? ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಮದುವೆಗೆ ಕೊಬ್ಬರಿ ಗಿಟುಕಿನ ಮೇಲೆ ಹೂಬಳ್ಳಿ ಕೆತ್ತೋ ಅಜ್ಜಿಯರು ಇನ್ನೂ ಇದ್ದಾರೆ. ನಿಮ್ಮ ಮನೇಲೇ ಒಬ್ಬರು ಇರಬಹುದು. ಸಿರಿವಂತೆ ಕಡೆ ಹಸೆ ಚಿತ್ತಾರ ಬರೆಯೋರು, ಕಲಿಸೋರು ಇದ್ದಾರೆ. ಕರೆಸಿ, ಬಸ್‌ಚಾರ್ಜು, ಕೂಲಿ, ಊಟ ಕೊಡಿ. ಅವರ ಚಿತ್ತಾರವನ್ನ ಸ್ಕ್ಯಾನ್ ಮಾಡಿ ಲಗ್ನಪತ್ರಿಕೆ ಅಂಚಿಗೆ ಅಂಟಿಸೋ ಬುದ್ಧಿವಂತರಿಗೆ ಕೊಡೋ ಫೀಸಿಗಿಂತ ಅದೇನೂ ಜಾಸ್ತಿ ಆಗೋಲ್ಲ.

ನೀವೇ ಮಾಡ್ಕೊಳ್ಳಬಹುದಾದ ಸುಲಭದ ಕೆಲಸಗಳೂ ಇವೆ. ಹತ್ತಿರದವರು ನೂರು ಜನಕ್ಕೆ ಪೋಸ್ಟ್ ಕಾರ್ಡಿನಲ್ಲಿ ಕೈಯಾರೆ ಬರೆದು ಕರೀರಿ. ಕಾರ್ಡಿಗೆ 50 ಪೈಸೆ, ನೂರಕ್ಕೆ 50 ರೂಪಾಯಿ. ನೂರು ಸಲ ಹೆಸರು ಬರೆಯುವಾಗ ಯಾರನ್ನ ನಿಜಕ್ಕೂ ಕರೀತಿದ್ದೀವಿ ಅಂತ ತಾನಾಗೇ ಗೊತ್ತಾಗುತ್ತೆ. ತಾಂಬೂಲಕ್ಕೆ ಅಮ್ಮನ, ಚಿಕ್ಕಮ್ಮನ ಹಳೇ ಹತ್ತಿ ಸೀರೆ ಕತ್ತರಿಸಿ ಬೀದಿ ಮೂಲೆಯ ಟೈಲರ್ ಹತ್ತಿರ ಚೀಲ ಹೊಲಿಸಿ. ಪೇಟೆಯಲ್ಲಿ ‘ಬಟ್ಟೆ ಚೀಲ’ ಅಂತ ಕೊಡೋದು ಬಹುಪಾಲು ಬಟ್ಟೆಯೇ ಅಲ್ಲ, ಪ್ಲಾಸ್ಟಿಕ್ಕಿನದೇ ಇನ್ನೊಂದು ವೇಷ. 60 ಜಿಎಸ್‌ಎಂಗಿಂತ ತೆಳುವಾದದ್ದಕ್ಕೆ 2021ರ ಸೆಪ್ಟೆಂಬರ್ 30ರಿಂದ ದೇಶದಲ್ಲೇ ನಿಷೇಧ ಇದೆ. ಅಲಂಕಾರದ ಥರ್ಮಾಕೋಲ್, ಲಗ್ನಪತ್ರಿಕೆಗೆ ಸುತ್ತೋ ಪ್ಲಾಸ್ಟಿಕ್ ಹಾಳೆ ಇವೂ 2022ರ ಜುಲೈ 1ರಿಂದ ನಿಷಿದ್ಧ. ನಮ್ಮ ರಾಜ್ಯದಲ್ಲಂತೂ ಫ್ಲೆಕ್ಸನ್ನೇ 2016ರಲ್ಲಿ ನಿಷೇಧಿಸಿದರು. ನನ್ನ ಹಸೆ ಎರಡು ವರ್ಷದಲ್ಲಿ ಬಚಾವಾಯಿತು. ಮತ್ತೆ, ಏನೇ ಮಾಡಿದರೂ ಕಟ್ಟೋಕೆ ಗಂಡಸರನ್ನೂ ಕೂರಿಸಿ. ದಾರಕ್ಕೆ ಗಂಟು ಹಾಕೋಕೆ ಬರೋಲ್ಲ ಅನ್ನೋ ಮಾತು ನಂಬಬೇಡಿ, ಟೈ ಕಟ್ಟೋಕೆ ಬರುತ್ತೆ.

ಗೆಳೆಯನ ಜಾಡಿಗಳ ಕತೆ ಏನಾಯಿತು ಅಂತ ಕೇಳಬಹುದು. ಲೈಟಿನ ಬ್ಯಾಟರಿ ಅವತ್ತೇ ರಾತ್ರಿ ಮುಗೀತು. ಛತ್ರ ಖಾಲಿ ಮಾಡುವಾಗ ಅಡುಗೆಯವರು "ಸಾರ್, ಉಪ್ಪಿನಕಾಯಿಗೆ ಆಗುತ್ತೆ, ತಗೊಳ್ಳಾ?" ಅಂತ ಕೇಳಿ ಮೂವತ್ತು ಒಯ್ದರು. ಉಳಿದದ್ದು ಅವನ ಫ್ಲಾಟಿನ ಬಾಲ್ಕನಿಯಲ್ಲಿದೆ.

ನನ್ನ ಫ್ಲೆಕ್ಸೂ ಇದೆ. ಊರಲ್ಲಿ ಸೌದೆ ರಾಶಿಗೆ ಹೊದಿಸಿದ್ದಾರೆ. ಮಲೆನಾಡಿನ ಇಷ್ಟು ಮಳೆಗಾಲ ಕಂಡರೂ ಗೊಂಬೆಗಳ ಬಣ್ಣ ಪೂರ್ತಿ ಹೋಗಿಲ್ಲ. ಊರಿಗೆ ಹೋದಾಗಲೆಲ್ಲ ಹಿತ್ತಲಲ್ಲಿ ಕಾಣುತ್ತೆ.

ಬರೋ ಏಪ್ರಿಲ್‌ಗೆ ಚಿಕ್ಕಪ್ಪನ ಮಗಳ ಮದುವೆ. ಅಜ್ಜಿಗೆ ಈಗ ಕೈ ನಡುಗುತ್ತೆ, ಎಳೆ ಬರೆಯೋಕಾಗಲ್ಲ. ಕೂತು ಹೇಳಿಕೊಡ್ತೀನಿ, ಸೊಸೆ ಬರೀತಾಳೆ ಅಂದಿದ್ದಾರಂತೆ. ಈ ಸಲ ಎಷ್ಟು ಕೊಡಬೇಕು ಅಂತ ಅವ್ವ ಕೇಳಿದಳು, ನಾನು ಒಂದು ಮೊತ್ತ ಹೇಳಿದೆ, ಅವ್ವ ಹೌಹಾರಿದಳು, ಆಮೇಲೆ ಆಗಲಿ ಅಂದಳು. ಗೋಡೆ ನಮ್ಮ ಮನೇದೇ, ಅದೇ ಗುಲಾಬಿ ಗೋಡೆ. ಪೇಂಟು ಕೆರೆದು ಕೆಮ್ಮಣ್ಣು ಬಳಿಯೋ ಕೆಲಸ ನನ್ನದಂತೆ. ಮೂರು ದಿನ ರಜೆ ಹಾಕಿದ್ದೇನೆ. ಕಾರಣದ ಜಾಗದಲ್ಲಿ ‘ಗೋಡೆಗೆ ಮಣ್ಣು ಬಳಿಯಲು’ ಅಂತ ಬರೆದೆ. ಮ್ಯಾನೇಜರ್ ಇನ್ನೂ ಅಪ್ರೂವ್ ಮಾಡಿಲ್ಲ.